ನೀಲಿ ಹಲಗೆಯ ತೊಟ್ಟಿಲು

ಮೈಸೂರು ಬಿಟ್ಟಿದ್ದು

ದುಬೈಗೆ ಹೋಗಿಬಂದೆ ಎಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಆ ಎತ್ತರದ ಕಟ್ಟಡದ್ದು. ನೋಡಿದೆ, ಕಾರಿನ ಕಿಟಕಿಯಿಂದ, ಕತ್ತು ನೋಯುವಷ್ಟು ಹೊತ್ತು. ಎರಡನೆಯ ಪ್ರಶ್ನೆ ಚಿನ್ನದ್ದು. ಆ ಕಡೆ ಸುಳಿಯಲೇ ಇಲ್ಲ. ನಾನು ಅಲ್ಲಿ ಕಣ್ತುಂಬ ನೋಡಿದ್ದು ಮರದ ಹಲಗೆಗಳನ್ನು. ಹೀಗೆಂದರೆ ನನ್ನ ತಂಗಿ ವನಜ, "ನಿನ್ನನ್ನ ಸ್ವರ್ಗಕ್ಕೆ ಕಳಿಸಿದ್ರೂ ಕಲ್ಪವೃಕ್ಷಕ್ಕೆ ಹುಳ ಹಿಡಿದಿದೆಯಾ ಅಂತ ತೊಗಟೆ ಕೆರೆದು ನೋಡ್ತೀಯ ಕಣೆ" ಎಂದು ಬೈಯುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳಿಲ್ಲ. ಹಿಮಾಲಯದ ತಪ್ಪಲಿನ ದೇವದಾರು, ಪೈನ್ ಕಾಡುಗಳಲ್ಲಿ ಮರಗಳ ರೋಗ ನೋಡಿಕೊಂಡೇ ನೌಕರಿ ಮುಗಿಸಿದವಳು ನಾನು. ಸಂಸಾರ ಅಂತ ಕಟ್ಟಿಕೊಳ್ಳಲಿಲ್ಲ. ತಂಗಿಯ ಮಗಳು ಸ್ಮಿತಾಳೇ ನನಗೂ ಮಗಳು.

ಆ ಸ್ಮಿತಾಗೆ ಅಬುಧಾಬಿಯಲ್ಲಿ ಹೆಣ್ಣುಮಗುವಾಯಿತು. ನಾಮಕರಣಕ್ಕೆ ತೊಟ್ಟಿಲು ಹೋಗಬೇಕಾದದ್ದು ತವರಿನ ಕಡೆಯಿಂದ. ವನಜ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಂಚ ಹಿಡಿದಿದ್ದಳು. ಹಾಗಾಗಿ ತವರಿನ ಮರ್ಯಾದೆ ಉಳಿಸುವ ಕೆಲಸ ನನ್ನ ಪಾಲಿಗೆ ಬಂತು. ತೊಟ್ಟಿಲನ್ನು ವಿಮಾನದಲ್ಲಿ ಹೊತ್ತೊಯ್ಯುವುದು ಹೇಗೆ ಎಂಬ ಚಿಂತೆಗೆ ಬೀಗರೇ ಪರಿಹಾರ ಹೇಳಿದರು. ಸ್ಮಿತಾಳ ಗಂಡ ರಕ್ಷಿತ್ ಉಡುಪಿ ಕಡೆಯ ತುಳುವರ ಹುಡುಗ. ಅವನ ಸೋದರಮಾವ ಭಾಸ್ಕರಣ್ಣ ದುಬೈಯಲ್ಲಿ ಮರದ ಪೆಟ್ಟಿಗೆ ಮಾಡುವ ವರ್ಕ್‌ಶಾಪ್ ಇಟ್ಟಿದ್ದಾರೆ. ಅವರೇ ಫೋನ್ ಮಾಡಿ, "ನಿಮ್ಮ ಪರವಾಗಿ ತೊಟ್ಟಿಲು ನಾನು ಮಾಡ್ತೇನೆ ಅಕ್ಕ. ನೀವು ಕೈಬೀಸಿಕೊಂಡು ಬನ್ನಿ" ಎಂದರು.

ಕೈಬೀಸಿಕೊಂಡು ಹೋಗಲು ವನಜ ಬಿಟ್ಟರೆ ತಾನೆ? ಬಾಣಂತಿಗೆ ಅಂತ ಕೂತಲ್ಲೇ ಡಬ್ಬಿಗಟ್ಟಲೆ ಅಂಟಿನುಂಡೆ ಕಟ್ಟಿದಳು. ಆ ದೇಶಕ್ಕೆ ಗಸಗಸೆ ಒಯ್ದರೆ ಜೈಲೇ ಗತಿ ಎಂದು ಸ್ಮಿತಾ ದಿನಕ್ಕೊಂದು ಸಲ ಎಚ್ಚರಿಸುತ್ತಿದ್ದಳು. ಗಸಗಸೆ ಇಲ್ಲದ್ದು ಅಂಟಿನುಂಡೆಯೇ ಅಲ್ಲ ಎಂದು ಇವಳು ಮಂಚದಿಂದಲೇ ವಾದಿಸಿ, ಕೊನೆಗೆ ಸೋತು, ಆ ಸಿಟ್ಟನ್ನೆಲ್ಲ ಒಣಕೊಬ್ಬರಿಯ ಮೇಲೆ ತೀರಿಸಿಕೊಂಡಿದ್ದಳು. ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ಡಬ್ಬಿ ತೆರೆಸಿ ಒಂದು ಉಂಡೆಯನ್ನು ಬೆಳಕಿಗೆ ಹಿಡಿದು ನೋಡಿದ. ನಾನು ಉಸಿರು ಬಿಗಿಹಿಡಿದು ನಿಂತೆ. ಅವನು ನಕ್ಕು "ಬೇಬಿ?" ಎಂದು ಕೇಳಿ, ಮುಚ್ಚಳ ಹಾಕಿ ಕೊಟ್ಟ. ಬಾಣಂತಿಯ ಉಂಡೆ ಅವನಿಗೆ ಹೇಗೆ ಗೊತ್ತಾಯಿತೋ! ದಿನಾ ನನ್ನಂಥ ದೊಡ್ಡಮ್ಮಂದಿರನ್ನು ನೋಡಿ ಅಭ್ಯಾಸವಾಗಿರಬೇಕು.

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ

ರಕ್ಷಿತ್‌ನ ಮನೆ ಇರುವುದು ಎಲೆಕ್ಟ್ರಾ ಸ್ಟ್ರೀಟಿನ ಹಳೆಯ ಕಟ್ಟಡವೊಂದರಲ್ಲಿ. ಕೆಳಗೆ ಮೊಬೈಲ್ ರಿಪೇರಿ ಅಂಗಡಿಗಳು, ಟೈಲರು, ಕ್ಯಾಫೆಟೇರಿಯಾ. ಕ್ಯಾಫೆಟೇರಿಯಾದ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಚಹಾ ಕಾರಿನ ಹತ್ತಿರಕ್ಕೇ ಬರುತ್ತದೆ. ನಮ್ಮೂರಿನಲ್ಲಿ ಹಾಗೆ ಹಾರ್ನ್ ಹೊಡೆದರೆ ಬೈಗುಳ ಬರುತ್ತದೆ. ಚಳಿಗಾಲವಂತೆ. ಲಿಫ್ಟಿನಲ್ಲಿ ಸಿಕ್ಕ ಮಕ್ಕಳು ಸ್ವೆಟರ್ ಹಾಕಿಕೊಂಡಿದ್ದರು. ನಾನು ಹತ್ತಿ ಸೀರೆಯಲ್ಲಿ ಬೆವರುತ್ತಿದ್ದೆ. ಯಾವ ಊರಪ್ಪಾ ನಿಮ್ಮದು ಎಂದರೆ "ಅಬುಧಾಬಿ, ಆಂಟಿ" ಎಂದು ಇಂಗ್ಲಿಷಿನಲ್ಲೇ ಉತ್ತರ ಬಂತು. ಮುಖ ಮಾತ್ರ ಅಪ್ಪಟ ಕುಂದಾಪುರದ್ದು.

ಬಾಣಂತನಕ್ಕೆಂದು ಬಂದಿದ್ದ ರಕ್ಷಿತ್‌ನ ತಾಯಿ ಗಿರಿಜಕ್ಕ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. ಗಂಡುಬೀಗಿತ್ತಿ ಎಂಬ ಬಿಗುಮಾನ ಸ್ವಲ್ಪವೂ ಇಲ್ಲದ ಹೆಂಗಸು. ಆದರೆ ಶಾಸ್ತ್ರದ ವಿಷಯದಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗುವಂತಿಲ್ಲ. ಮಗುವಿಗೆ ಎಣ್ಣೆ ಯಾವ ದಿಕ್ಕಿಗೆ ಕೂತು ಹಚ್ಚಬೇಕು ಎಂಬುದಕ್ಕೂ ಅವರಲ್ಲಿ ನಿಯಮವಿದೆ. ಮರಳುಗಾಡಿನ ಕಟ್ಟಡದ ಏಳನೇ ಮಹಡಿಯಲ್ಲಿ ಆ ದಿಕ್ಕನ್ನು ಮೊಬೈಲಿನಲ್ಲಿ ನೋಡಿ ಹುಡುಕುತ್ತಾರೆ.

ಸಂಜೆ ಭಾಸ್ಕರಣ್ಣ ದುಬೈಯಿಂದ ಪಿಕಪ್‌ನಲ್ಲಿ ತೊಟ್ಟಿಲು ತಂದರು. ಕಡುಗಪ್ಪು ಮೈ, ಬಿಳಿ ಮೀಸೆ, ಕಡಿಮೆ ಮಾತು. ನಡುಮನೆಯಲ್ಲಿ ಇಟ್ಟು ಹೊದಿಕೆ ಸರಿಸಿದಾಗ ನಾವೆಲ್ಲ ಒಟ್ಟಿಗೆ "ಆಹಾ" ಎಂದೆವು. ಸ್ಟ್ಯಾಂಡಿಗೆ ತೂಗುಹಾಕಿದ ಪುಟ್ಟ ತೊಟ್ಟಿಲು. ಎಲ್ಲೂ ಒಂದು ಮೊಳೆ ಕಾಣುವುದಿಲ್ಲ, ಅಂಚುಗಳನ್ನು ಮಗುವಿನ ಕೆನ್ನೆ ತಾಗಿದರೂ ನೋಯದ ಹಾಗೆ ಉಜ್ಜಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಅದರ ಬಣ್ಣ! ಬೆಣ್ಣೆಯಂಥ ಮರದಲ್ಲಿ ಉದ್ದಕ್ಕೆ ಹರಡಿದ ನೀಲಿ. ಕೆಲವು ಕಡೆ ತೆಳು, ಕೆಲವು ಕಡೆ ಮೋಡ ಕವಿದಂತೆ ದಟ್ಟ.

"ಬಣ್ಣ ಹಚ್ಚಿದ್ದಲ್ಲ ಅಕ್ಕ, ಮರದಲ್ಲೇ ಉಂಟು" ಎಂದರು ಭಾಸ್ಕರಣ್ಣ. "ಸ್ಮಿತಾಗೆ ವಿಶೇಷ ಅಂತ ಗೊತ್ತಾದಾಗಿಂದ ಪ್ರತೀ ಲೋಡಿನಲ್ಲಿ ಬಂದ ನೀಲಿ ಹಲಗೆ ಎಲ್ಲ ಬೇರೆ ತೆಗೆದಿಟ್ಟೆ. ಒಂದಕ್ಕೊಂದು ಹೊಂದುವ ಹಾಗೆ ಸೇರಿಸಿದ್ದು."

"ನಮ್ಮ ಕೃಷ್ಣನ ಬಣ್ಣ ಮಾರಾಯ" ಎಂದು ಗಿರಿಜಕ್ಕ ತಮ್ಮನ ಬೆನ್ನು ತಟ್ಟಿ, ಕುಂಕುಮದ ಬಟ್ಟಲು ತಂದರು. ಬೆರಳಲ್ಲಿ ಕುಂಕುಮ ತೆಗೆದುಕೊಂಡು ನನ್ನ ಕಡೆ ತಿರುಗಿ, "ಅಕ್ಕಾ, ನೀವು ಕಾಡಿನವರಲ್ಲವಾ, ಇದು ಯಾವ ಮರ ಹೇಳಿ ನೋಡುವ" ಎಂದರು.

ನನ್ನನ್ನು ಹಾಗೆ ಕೇಳಬಾರದು. ಕೇಳಿದರೆ ನಾನು ಕನ್ನಡಕ ಹಾಕಿಕೊಳ್ಳುತ್ತೇನೆ. ಹಾಕಿಕೊಂಡೆ. ಬಗ್ಗಿ ನೋಡಿ, ಪಾಠ ಶುರು ಮಾಡಿದೆ. ಇದು ಯೂರೋಪಿನ ಸ್ಪ್ರೂಸ್, ನಮ್ಮ ದೇವದಾರುವಿನ ಹಾಗೆ ಸೂಜಿ ಎಲೆಯ ಮರ. ಈ ನೀಲಿ ಮರದ್ದಲ್ಲ, ಒಂದು ಶಿಲೀಂಧ್ರದ್ದು, ಬೂಷ್ಟು ಅನ್ನಿ. ತೊಗಟೆಯ ಕೆಳಗೆ ಕೊರೆಯುವ ಸಣ್ಣ ದುಂಬಿ ಅದನ್ನು ಮೈಗೆ ಅಂಟಿಸಿಕೊಂಡು ಒಳಗೆ ತರುತ್ತದೆ. ಅದು ಮರದ ನೀರಿನ ದಾರಿಗಳನ್ನು ಕಟ್ಟಿಹಾಕುತ್ತದೆ. ಮರ ನಿಂತಲ್ಲೇ ಒಣಗುತ್ತದೆ. ಇಷ್ಟೊಂದು ನೀಲಿ ಇದೆ ಎಂದರೆ ಕಡಿಯುವ ಮೊದಲೇ ಈ ಮರಗಳೆಲ್ಲ ಸತ್ತಿದ್ದವು ಎಂದು ಅರ್ಥ.

ಹೇಳಿ ಮುಗಿಸಿ, ಎಲ್ಲರೂ ಮೆಚ್ಚಿಕೊಂಡಿರಬೇಕು ಎಂದು ತಲೆಯೆತ್ತಿದೆ. ಗಿರಿಜಕ್ಕನ ಕುಂಕುಮದ ಬೆರಳು ತೊಟ್ಟಿಲಿನಿಂದ ಗೇಣು ದೂರದಲ್ಲಿ ನಿಂತಿತ್ತು.

"ಸತ್ತ ಮರವಾ?" ಎಂದರು ಮೆಲ್ಲಗೆ.

ಆಗ ನನಗೆ ಹೊಳೆಯಿತು. ತಾನಾಗಿ ಒಣಗಿದ ಮರವನ್ನು ಹೊಸ್ತಿಲಿಗೆ, ದೇವರ ಮಂಟಪಕ್ಕೆ, ತೊಟ್ಟಿಲಿಗೆ ಹಾಕುವುದಿಲ್ಲ. ಇದು ಅವರ ಕಡೆಯ ನಿಯಮ ಮಾತ್ರವಲ್ಲ, ನಮ್ಮ ಅಜ್ಜಿಯೂ ಹೇಳುತ್ತಿದ್ದಳು. ಗೊತ್ತಿದ್ದೂ ಬಾಯಿಬಿಟ್ಟಿದ್ದೆ. ಗಿರಿಜಕ್ಕ ಕುಂಕುಮವನ್ನು ಬಟ್ಟಲಿಗೇ ಒರೆಸಿ, "ಚಂದ ಉಂಟು ಭಾಸ್ಕರ, ಇಲ್ಲ ಅಂತ ಅಲ್ಲ. ಆದ್ರೆ ಸಣ್ಣ ಮಗು. ಇದರಲ್ಲಿ ಮಲಗಿಸ್ಲಿಕ್ಕೆ ನನಗೆ ಧೈರ್ಯ ಬರುವುದಿಲ್ಲ" ಎಂದರು. ಭಾಸ್ಕರಣ್ಣ ಹೊದಿಕೆಯನ್ನು ಮತ್ತೆ ಎಳೆದರು. "ಅಡ್ಡಿಲ್ಲ ಅಕ್ಕ. ಬೇರೆ ಮಾಡುವ. ಖಲಾಸ್" ಎಂದರು. ಆ ರಾತ್ರಿಯ ಊಟದಲ್ಲಿ ಅವರು ಮೊಸರನ್ನವನ್ನೂ ಬೇಡವೆಂದದ್ದು ನನ್ನನ್ನು ಚುಚ್ಚಿತು. ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ?

ಜೆಬೆಲ್ ಅಲಿ

ಬೆಳಿಗ್ಗೆ ಅವರು ಹೊರಟಾಗ ನಾನೂ ಚಪ್ಪಲಿ ಮೆಟ್ಟಿದೆ. "ನಿಮಗೆ ಅಲ್ಲಿ ಬೋರ್ ಆಗ್ತದೆ ಅಕ್ಕ, ಮರದ ಹೊಟ್ಟು ಬಿಟ್ರೆ ಎಂತದೂ ಇಲ್ಲ" ಎಂದರು. ಅದನ್ನು ನೋಡಲಿಕ್ಕೇ ಬರುತ್ತೇನೆ ಎಂದೆ. ತೊಟ್ಟಿಲನ್ನು ಪಿಕಪ್‌ನ ಹಿಂದೆ ಕಟ್ಟಿದೆವು. ಅಬುಧಾಬಿಯಿಂದ ದುಬೈಗೆ ಹೋಗುವ ರಸ್ತೆಯಲ್ಲಿ ವೇಗ ಎಷ್ಟಿದೆಯೆಂದರೆ ಮೈಸೂರು–ಬೆಂಗಳೂರು ಹೆದ್ದಾರಿಯ ಹುಡುಗರೂ ಇಲ್ಲಿ ಸಾಧುಗಳಾಗಿ ಬಿಡುತ್ತಾರೆ. ಭಾಸ್ಕರಣ್ಣ ಮಾತ್ರ ನಿಧಾನ ಹೋಗುವವರ ಬಲಗಡೆಯ ಪಟ್ಟಿ ಬಿಟ್ಟು ಕದಲಲಿಲ್ಲ. ಹಿಂದಿನ ಕನ್ನಡಿಯಲ್ಲಿ ಆಗಾಗ ತೊಟ್ಟಿಲನ್ನು ನೋಡಿಕೊಳ್ಳುತ್ತಿದ್ದರು.

ದಾರಿಯಲ್ಲಿ ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಅವರಿಗೆ ಪೆಟ್ಟಿಗೆಯ ಅಳತೆ ತೆಗೆದುಕೊಳ್ಳುವುದಿತ್ತು. ಯಾವುದೋ ಯಂತ್ರ ಹಡಗು ಹತ್ತಬೇಕು, ಅದಕ್ಕೆ ಸರಿಯಾದ ಮರದ ಪೆಟ್ಟಿಗೆ ಬೇಕು. ಪಾಳಿ ಬದಲಿಸುವ ಹೊತ್ತು. ಕಂಪನಿ ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು, ಕಿಟಕಿಗೆ ತಲೆ ಆನಿಸಿ ಜನ ನಿದ್ದೆ ಮಾಡುತ್ತಿದ್ದರು. ನಾನು ಗೋದಾಮಿನ ಹೊರಗೆ ಕಾಯುತ್ತ ನಿಂತವಳು, ಅಲ್ಲಿ ಮನೆಯೆತ್ತರಕ್ಕೆ ಜೋಡಿಸಿದ್ದ ಮರದ ಪ್ಯಾಲೆಟ್‌ಗಳನ್ನು ನೋಡಿದೆ. ಸಾಮಾನು ಕೂರಿಸಿ ಸಾಗಿಸಲು ಹಲಗೆ ಹೊಡೆದು ಮಾಡುವ ಅಡಿಗಟ್ಟುಗಳು. ಹತ್ತಿರ ಹೋದೆ. ಹೆಚ್ಚಿನವು ಪೈನ್ ಅಥವಾ ಸ್ಪ್ರೂಸ್. ಪ್ರತಿಯೊಂದರ ಮೇಲೂ ತೆನೆಯ ಚಿತ್ರದ ಮುದ್ರೆ, ದೇಶದ ಅಕ್ಷರ, ಒಳಗಿನ ತನಕ ಬಿಸಿ ಮಾಡಿದ್ದೇವೆ ಎಂಬ ಗುರುತು. ಹಾಗೆ ಬಿಸಿ ಮಾಡದಿದ್ದರೆ ಒಂದು ಖಂಡದ ಹುಳ ಹಲಗೆಯೊಳಗೆ ಕೂತು ಇನ್ನೊಂದು ಖಂಡದ ಕಾಡಿಗೆ ಹೋಗಿಬಿಡುತ್ತದೆ. ಪೈನ್ ಮರಗಳನ್ನು ಒಣಗಿಸುವ ಕಣ್ಣಿಗೆ ಕಾಣದ ಒಂದು ದಾರದಂಥ ಹುಳ ಹಾಗೆಯೇ ಸಮುದ್ರ ದಾಟಿತು.

ಒಂದು ಹಸಿರು ಮರವೂ ಕಾಣದ ಜಾಗದಲ್ಲಿ ನಾನು ಪ್ಯಾಲೆಟ್‌ನಿಂದ ಪ್ಯಾಲೆಟ್‌ಗೆ ಓಡಾಡಿ ಅಕ್ಷರ ಓದುತ್ತಿದ್ದೆ. ಸೆಕ್ಯುರಿಟಿಯವನು ಬಂದು ಹಿಂದಿಯಲ್ಲಿ, "ಅಮ್ಮಾಜೀ, ಏನಾದರೂ ಕಳೆದುಹೋಯಿತಾ?" ಎಂದು ಕೇಳಿದ. ಇಲ್ಲಪ್ಪ, ಹಳೆಯ ಪರಿಚಯದವರು ಎಂದೆ. ಅವನು ಪ್ಯಾಲೆಟ್‌ಗಳನ್ನೂ ನನ್ನನ್ನೂ ನೋಡಿ, ಕುರ್ಚಿ ತಂದು ಹಾಕಿ, ನೀರು ಕೊಟ್ಟ. ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು.

ಆ ಹಲಗೆಗಳಲ್ಲೂ ಅಲ್ಲಲ್ಲಿ ನೀಲಿ ಇತ್ತು. ನನ್ನ ಮನಸ್ಸು ಭಾರವಾಯಿತು. ಇಷ್ಟು ದಿನ ಅಂಥ ಕಾಡುಗಳ ಸುದ್ದಿಯನ್ನು ಓದುತ್ತಿದ್ದೆ. ಈಗ ಅವೇ ಕಾಡುಗಳು ನನ್ನೆದುರಿಗೆ ಸಾಮಾನು ಹೊತ್ತುಕೊಂಡು ನಿಂತಿದ್ದವು.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್

ಹೆಸರು ಕೇಳಿ ಉದ್ಯಾನವೇ ಇರಬಹುದು ಎಂದುಕೊಂಡಿದ್ದೆ. ಕಾರ್ಖಾನೆಗಳ ಊರು ಅದು. ಭಾಸ್ಕರಣ್ಣನ ಶೆಡ್ಡಿನ ಬಾಗಿಲು ತೆಗೆದದ್ದೇ ತಡ, ರಾಳದ ಪರಿಮಳ ಮುಖಕ್ಕೆ ಬಡಿಯಿತು. ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಇಡೀ ಯೌವನದ ವಾಸನೆ ಅದು. ಕಣ್ಣಲ್ಲಿ ನೀರು ಬಂತು, ಹೊಟ್ಟಿನ ಧೂಳು ಎಂದು ಸುಳ್ಳು ಹೇಳಲಿಲ್ಲ.

"ಅಕ್ಕ, ಒಂದು ಕೇಳ್ಲಾ?" ಎಂದರು ಭಾಸ್ಕರಣ್ಣ, ನನ್ನ ಕೈಗೆ ಸುಲೈಮಾನಿ ಚಹಾ ಕೊಟ್ಟು. ಹಾಲಿಲ್ಲದ ಆ ಚಹಾಕ್ಕೆ ಅಲ್ಲಿ ಆ ಹೆಸರು. "ಆ ಹುಳ, ಬೂಷ್ಟು, ಇನ್ನೂ ಜೀವ ಉಂಟಾ ಅದರಲ್ಲಿ? ಮಗುವಿಗೆ ಎಂತಾದ್ರೂ ಆಗ್ತಿತ್ತಾ?"

ರಾತ್ರಿ ಅವರು ಊಟ ಬಿಟ್ಟದ್ದು ಅವಮಾನದಿಂದ ಎಂದುಕೊಂಡಿದ್ದೆ. ಅಲ್ಲ, ಮಗುವಿನ ಚಿಂತೆಯಿಂದ.

"ಏನೂ ಆಗಲ್ಲ ಭಾಸ್ಕರಣ್ಣ. ಒಣಗಿಸೋವಾಗ್ಲೇ ಹುಳ, ಬೂಷ್ಟು ಎಲ್ಲ ಸತ್ತುಹೋಗಿವೆ. ಬರೀ ಬಣ್ಣ ಉಳಿದಿದೆ. ಮರದ ಗಟ್ಟಿತನವೂ ಕಮ್ಮಿಯಾಗಲ್ಲ."

"ಹಾಗಾದ್ರೆ ಸಾಕು" ಎಂದು ಉಸಿರು ಬಿಟ್ಟರು. ಆಮೇಲೆ, "ಮೊದಲೆಲ್ಲ ಈ ನೀಲಿ ಅಪರೂಪಕ್ಕೆ ಬರ್ತಿತ್ತು. ಈಗ ಪ್ರತೀ ಲೋಡಿನಲ್ಲಿ ಉಂಟು. ಯಾಕೆ?" ಎಂದರು.

ನಾನು ಹೇಳಿದೆ. ಆ ದುಂಬಿ ಹೊಸದಲ್ಲ, ಕಾಡಿನಷ್ಟೇ ಹಳೆಯದು. ಮರ ಆರೋಗ್ಯವಾಗಿದ್ದರೆ ದುಂಬಿ ಕೊರೆದ ತೂತಿಗೆ ರಾಳ ಸುರಿಸಿ ಅದನ್ನು ಹೊರಗೆ ನೂಕುತ್ತದೆ. ರಾಳ ಮಾಡಲು ನೀರು ಬೇಕು. ಈಗ ಬೇಸಿಗೆಗಳು ಸುಡುತ್ತವೆ, ಮಳೆ ತಪ್ಪುತ್ತದೆ, ಮರದ ಹತ್ತಿರ ಸುರಿಸಲು ರಾಳವಿರುವುದಿಲ್ಲ. ಅದೇ ಸೆಕೆಯಲ್ಲಿ ದುಂಬಿಗಳು ಬೇಗ ಬೇಗ ಮರಿಮಾಡುತ್ತವೆ. ಮೊದಲು ಸೂಜಿಗಳು ಕೆಂಪಾಗುತ್ತವೆ, ಆಮೇಲೆ ಉದುರುತ್ತವೆ, ಬೆಟ್ಟಕ್ಕೆ ಬೆಟ್ಟವೇ ಬೂದಿಬಣ್ಣಕ್ಕೆ ತಿರುಗುತ್ತದೆ. ಸತ್ತ ಮರ ಕೊಳೆಯುವ ಮೊದಲು ಕಡಿದು ಮಾರಬೇಕು. ಹಾಗೆ ಅದು ಹಲಗೆಯಾಗಿ ಇಲ್ಲಿಗೆ ಬರುತ್ತದೆ.

ಭಾಸ್ಕರಣ್ಣ ಶೆಡ್ಡಿನ ಎ.ಸಿ. ಇಲ್ಲದ ಮೂಲೆಯನ್ನು ನೋಡುತ್ತ, "ಇಲ್ಲಿ ಸೆಕೆಗೆ ನಾವಾದ್ರೂ ಒಳಗೆ ಓಡ್ತೇವೆ. ಮರ ಎಲ್ಲಿಗೆ ಹೋಗ್ತದೆ ಪಾಪ" ಎಂದರು.

ಮಧ್ಯಾಹ್ನವಿಡೀ ನಾವು ನೀಲಿಯಿಲ್ಲದ ಹಲಗೆ ಹುಡುಕಿದೆವು. ಅಟ್ಟಿಯ ಮೇಲಿನವನ್ನು ಎತ್ತಿ ಕೆಳಗಿನವನ್ನು ನೋಡಿದೆವು. ಒಂದು ಬದಿ ಶುಭ್ರವಾಗಿದ್ದರೆ ಮಗುಚಿದಾಗ ಇನ್ನೊಂದು ಬದಿಯಲ್ಲಿ ಗೀರು. ಕೊನೆಗೆ ಎರಡು ಬೇರೆ ಅಟ್ಟಿಗಳ ತಳದಿಂದ ಒಂದು ತೊಟ್ಟಿಲಿಗೆ ಸಾಲುವಷ್ಟು ಬಿಳಿ ಹಲಗೆ ಸಿಕ್ಕಿತು. ಭಾಸ್ಕರಣ್ಣ ಒಂದನ್ನು ಎತ್ತಿ ಹಿಡಿದು, "ಇದು ಸರಿ ಉಂಟಲ್ಲ ಅಕ್ಕ?" ಎಂದರು.

"ಬಿಳಿ ಇದೆ" ಎಂದೆ.

ಅಷ್ಟೇ ಹೇಳಿದೆ. ನೀಲಿ ಇಲ್ಲದಿದ್ದ ಮಾತ್ರಕ್ಕೆ ಆ ಮರ ಆರೋಗ್ಯವಾಗಿತ್ತು ಎಂದು ಹೇಳಲಾಗದು. ದುಂಬಿ ಹೊಕ್ಕ ಕೂಡಲೇ ಕಡಿದರೆ ಬಣ್ಣ ಹರಡಿರುವುದಿಲ್ಲ. ರೋಗ ಹಬ್ಬದಿರಲೆಂದು ಪಕ್ಕದ ಒಳ್ಳೆಯ ಮರಗಳನ್ನೂ ಕಡಿಯುತ್ತಾರೆ. ಇವೆಲ್ಲ ನನಗೆ ಗೊತ್ತು. ಆದರೆ ಹಿಂದಿನ ದಿನದ ಪಾಠದ ಫಲವನ್ನು ಕಣ್ಣಾರೆ ಕಂಡಿದ್ದೆ. ಕನ್ನಡಕವನ್ನು ಚೀಲದೊಳಗೆ ಹಾಕಿದೆ. ಅವರು ಆಗಲೇ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಗುರುತು ಹಾಕತೊಡಗಿದ್ದರು.

ಮತ್ತೆ ಎಲೆಕ್ಟ್ರಾ ಸ್ಟ್ರೀಟ್

ನಾಮಕರಣದ ಬೆಳಿಗ್ಗೆ ಬಿಳಿ ತೊಟ್ಟಿಲು ಬಂತು. ಅದೂ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಅವಸರದ ಕೆಲಸ ಎಂದು ಗೊತ್ತಾಗುತ್ತಿತ್ತು. ಭಾಸ್ಕರಣ್ಣನ ಎರಡು ಬೆರಳಿಗೆ ಪಟ್ಟಿ ಇತ್ತು. ನೀಲಿಯದನ್ನು ಅವರು ವರ್ಕ್‌ಶಾಪಿನಲ್ಲಿ ಇಳಿಸಲೇ ಇಲ್ಲ, ಕೆಳಗೆ ಪಿಕಪ್‌ನಲ್ಲೇ ಇದೆ ಎಂದು ರಕ್ಷಿತ್ ನನ್ನ ಕಿವಿಯಲ್ಲಿ ಹೇಳಿದ.

ಗಿರಿಜಕ್ಕ ಕುಂಕುಮದ ಬಟ್ಟಲು ಹಿಡಿದು ಬಂದರು. ನಿಂತರು. ನನ್ನ ಕಡೆ ನೋಡಿದರು.

"ಅಕ್ಕಾ, ನೀವು ಹೇಳಿದ್ರೆ ನನಗೆ ಸಮಾಧಾನ. ಇದು ಬದುಕಿದ್ದ ಮರದ್ದೇ ಅಲ್ಲವಾ?"

ಹೌದು ಎಂದರೆ ಮುಗಿಯುತ್ತಿತ್ತು. ನೆಂಟರು ಬರಲಾರಂಭಿಸಿದ್ದರು, ಅಡುಗೆಮನೆಯಲ್ಲಿ ಪಾಯಸ ಕುದಿಯುತ್ತಿತ್ತು, ಸ್ಮಿತಾ ಮಗುವನ್ನು ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಭಾಸ್ಕರಣ್ಣ ಪಟ್ಟಿ ಕಟ್ಟಿದ ಕೈಯನ್ನು ಹಿಂದಕ್ಕೆ ಇಟ್ಟುಕೊಂಡರು. ನನಗೆ ನಿಜವಾಗಿ ಭಯವಾಯಿತು. ಆದರೆ ನನ್ನನ್ನು ನಂಬಿ ಕೇಳಿದವರಿಗೆ, ಅದೂ ಮರದ ವಿಷಯದಲ್ಲಿ, ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಗೊತ್ತಿಲ್ಲ ಗಿರಿಜಕ್ಕ" ಎಂದೆ. "ಬದುಕಿದ್ದಿರಬಹುದು. ಹುಳ ಹಿಡಿದ ಕೂಡ್ಲೇ ಕಡಿದಿರಲೂಬಹುದು. ಹಲಗೆ ನೋಡಿ ನಾನು ಹೇಳಕ್ಕಾಗಲ್ಲ. ಯಾರಿಗೂ ಆಗಲ್ಲ."

"ಅಷ್ಟು ದೊಡ್ಡ ಕಾಡಿನಲ್ಲಿ ಆರೋಗ್ಯದ ಮರ ಯಾವುದು ಅಂತ ಹೇಳ್ಲಿಕ್ಕೆ ಆಗುವುದಿಲ್ಲವಾ?"

"ಕಾಡಿನಲ್ಲಿ ನಿಂತು ನೋಡಿದ್ರೆ ಹೇಳಬಹುದು. ಇಲ್ಲಿಗೆ ಬಂದ ಮೇಲೆ ಇಲ್ಲ. ಕಡಿಯೋವಾಗ್ಲೇ ಎಲ್ಲ ಬೆರೆತುಹೋಗಿರುತ್ತೆ."

ಗಿರಿಜಕ್ಕ ಬಿಳಿ ತೊಟ್ಟಿಲಿನ ಅಂಚನ್ನು ಸವರಿದರು. ಬೈಯುತ್ತಾರೆ, ಅಥವಾ ಅಂಗಡಿಯಿಂದ ಕಬ್ಬಿಣದ ತೊಟ್ಟಿಲು ತರಿಸುತ್ತಾರೆ ಎಂದುಕೊಂಡೆ.

"ಆ ನೀಲಿಯದಕ್ಕೆ ಎಂತ ಆಯ್ತು ಅಂತ ನೀವು ಹೇಳಿದ್ದೀರಿ. ಇದಕ್ಕೆ ಎಂತ ಆಯ್ತು ಅಂತ ಯಾರಿಗೂ ಗೊತ್ತಿಲ್ಲ" ಎಂದರು. "ಗೊತ್ತಿದ್ದದ್ದರಲ್ಲೇ ಮಗು ಮಲಗಲಿ. ರಕ್ಷಿತ್, ಕೆಳಗೆ ಹೋಗಿ ನೀಲಿಯದು ತಾ."

ಯಾರೂ ಕದಲಲಿಲ್ಲ. "ಯಲ್ಲಾ, ಹೋಗು ಮಾರಾಯ, ಮುಹೂರ್ತ ಕಾಯುವುದಿಲ್ಲ!" ಎಂದು ಗದರಿದ ಮೇಲೆ ರಕ್ಷಿತ್ ಲಿಫ್ಟಿಗೆ ಓಡಿದ. ನೀಲಿ ತೊಟ್ಟಿಲನ್ನು ಹೆದ್ದಾರಿಯ ಧೂಳು ಒರೆಸಿ ನಡುಮನೆಯಲ್ಲಿ ನಿಲ್ಲಿಸಿದರು. ಗಿರಿಜಕ್ಕ ನಾಲ್ಕೂ ಮೂಲೆಗೆ ಕುಂಕುಮ ಹಚ್ಚಿ, ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ತವರಿನವರದ್ದೂ ಆಗಲಿ" ಎಂದರು. ನಾನೂ ಹಚ್ಚಿದೆ.

ನಮ್ಮ ಕಡೆ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲನ್ನು ಮಲಗಿಸುತ್ತೇವೆ. ಮಿಕ್ಸಿಯ ಮನೆಯಲ್ಲಿ ಗುಂಡುಕಲ್ಲು ಎಲ್ಲಿಂದ ಬರಬೇಕು? ಪಕ್ಕದ ಫ್ಲಾಟಿನವರ ವೆಟ್ ಗ್ರೈಂಡರಿನ ಕಲ್ಲು ಬಿಚ್ಚಿ ತಂದರು. ಅದಕ್ಕೆ ಕುಲಾವಿ ತೊಡಿಸಿ ಮಲಗಿಸಿದೆವು. ತೊಟ್ಟಿಲು ಕಿರುಗುಡಲೂ ಇಲ್ಲ. ಆಮೇಲೆ ಮಗುವನ್ನು ತೊಟ್ಟಿಲಿನ ಕೆಳಗಿನಿಂದ ಗಿರಿಜಕ್ಕ ನನಗೆ ಕೊಟ್ಟರು, ಮೇಲಿನಿಂದ ನಾನು ಅವರಿಗೆ ಕೊಟ್ಟೆ, ಕೊನೆಗೆ ಅವರು ತೊಟ್ಟಿಲಲ್ಲಿ ಮಲಗಿಸಿದರು. ಹೆಂಗಸರು ಜೋಗುಳಕ್ಕೆ ಸುತ್ತ ನೆರೆದರು.

ಭಾಸ್ಕರಣ್ಣ ಬಾಗಿಲ ಬಳಿ, ಕಳಚಿಟ್ಟ ಚಪ್ಪಲಿಗಳ ನಡುವೆ ನಿಂತಿದ್ದರು. ಗಿರಿಜಕ್ಕ ತಲೆಯೆತ್ತಿ, "ಭಾಸ್ಕರ, ಇಂಚಿ ಬಲ" ಎಂದು ತುಳುವಿನಲ್ಲಿ ಕರೆದರು. ಇತ್ತ ಬಾ ಎಂದು.

"ಹೆಂಗಸರ ಶಾಸ್ತ್ರ ಅಕ್ಕ, ನಾನೆಂತಕ್ಕೆ?" ಎಂದರು ಅವರು.

"ಇಷ್ಟು ವರ್ಷ ನೀನು ಮಾಡಿದ್ದೆಲ್ಲ ಹಡಗು ಹತ್ತಿ ಹೋಯ್ತು. ಇದು ಎಲ್ಲಿಗೂ ಹೋಗುವುದಿಲ್ಲ. ಬಾ, ತೂಗು."

ಹೆಂಗಸರು ದಾರಿ ಬಿಟ್ಟರು. ಭಾಸ್ಕರಣ್ಣ ಬಂದು ಪಟ್ಟಿಯಿಲ್ಲದ ಕೈಯನ್ನು ನೀಲಿ ಅಂಚಿನ ಮೇಲಿಟ್ಟು ಮೆಲ್ಲಗೆ ತೂಗಿದರು. ಮಗು ಎಚ್ಚರವಾಗಿಯೇ ಇತ್ತು, ಅಳಲಿಲ್ಲ. ಅವರ ಮೀಸೆಯ ಮೇಲೆ ಕಣ್ಣೀರು ಇಳಿದಿತ್ತು. ಒರೆಸಿಕೊಳ್ಳಲು ಕೈ ತೆಗೆದರೆ ತೊಟ್ಟಿಲು ನಿಂತೀತು ಎಂಬಂತೆ, ಹಾಗೇ ತೂಗುತ್ತ ನಿಂತರು.